ಹಿಂದಿನ ರೂಮಿನ ರೇಡಿಯೇಟರ್

ರೇಡಿಯೇಟರ್ ಅಂದರೆ ಬಹಳ ವರ್ಷ ನನಗೆ ಗೊತ್ತಿದ್ದದ್ದು ಬಸ್ಸಿನದು ಮಾತ್ರ. ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಬರುತ್ತಿದ್ದ ಪ್ರೈವೇಟ್ ಬಸ್ಸು ಏರು ಹತ್ತಿ ಮುಗಿಸಿ ಹಳ್ಳದ ಪಕ್ಕ ಬುಸುಗುಡುತ್ತಾ ನಿಲ್ಲುತ್ತಿತ್ತು. ಕ್ಲೀನರ್ ಹುಡುಗ ಕೈಗೆ ಬಟ್ಟೆ ಸುತ್ತಿಕೊಂಡು ಮುಚ್ಚಳ ತಿರುಗಿಸಿ, ಹಬೆ ಹೋಗುವ ತನಕ ಮುಖ ಆ ಕಡೆ ತಿರುಗಿಸಿಕೊಂಡಿದ್ದು, ಆಮೇಲೆ ಕೊಡದಿಂದ ನೀರು ಹೊಯ್ಯುತ್ತಿದ್ದ. ಅಂಥದ್ದೇ ಒಂದು ವಸ್ತುವನ್ನು ಮನೆಯ ಗೋಡೆಗೆ ನೇತುಹಾಕೋದಕ್ಕೆ ಸಾಲದ ದುಡ್ಡು ಖರ್ಚು ಮಾಡ್ತೀನಿ, ಅಗ್ಗದ್ದು ತಗೊಳ್ಳಲಾ ದುಬಾರಿಯದು ತಗೊಳ್ಳಲಾ ಅಂತ ಎರಡು ವಾರ ಸ್ಪ್ರೆಡ್‌ಶೀಟ್ ಇಟ್ಟುಕೊಂಡು ತಲೆ ಕೆಡಿಸಿಕೊಳ್ತೀನಿ ಅಂತ ಆಗ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

2022ರ ಬೇಸಿಗೆಯಲ್ಲಿ ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಒಂದು ಮನೆ ಕೊಂಡೆವು. ಲಂಡನ್‌ನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಅರ್ಧ ಗಂಟೆ. ಐಟಿ ಕಂಪನಿಗಳು ಬಹಳ, ಹಾಗಾಗಿ ನಮ್ಮವರೂ ಬಹಳ. ಮನೆ 1930ರ ದಶಕದ್ದು. ಇಲ್ಲಿನ ಬಹುಪಾಲು ಮನೆಗಳಂತೆ ಅಲ್ಲೂ ಗ್ಯಾಸ್ ಬಾಯ್ಲರ್. ಅದು ನೀರು ಕಾಯಿಸಿ, ಪೈಪಿನಲ್ಲಿ ಪ್ರತಿ ರೂಮಿನ ರೇಡಿಯೇಟರ್‌ಗೂ ಕಳಿಸುತ್ತೆ. ಬಿಸಿ ಕಳೆದುಕೊಂಡ ನೀರು ಮತ್ತೆ ಬಾಯ್ಲರ್‌ಗೆ ವಾಪಸ್ ಬರುತ್ತೆ. ನಮ್ಮ ಬಚ್ಚಲ ಹಂಡೆಗೆ ಪೈಪು ಜೋಡಿಸಿ ನೀರನ್ನು ಮನೆ ತುಂಬ ಸುತ್ತಿಸಿದ ಹಾಗೆ ಅಂದುಕೊಳ್ಳಿ. ಹಳೇ ರೇಡಿಯೇಟರ್‌ಗಳು ಒಳಗೆ ತುಕ್ಕು ಹಿಡಿದು ಕಪ್ಪು ಕೆಸರು ಕಟ್ಟಿದ್ದವು. ಎಂಟಕ್ಕೆ ಎಂಟೂ ಬದಲಾಯಿಸಬೇಕು ಅಂದ ಪ್ಲಂಬರ್.

ಕ್ಯಾಟಲಾಗ್ ತೆಗೆದರೆ ಒಂದು ಮೀಟರ್ ಉದ್ದದ ಬಿಳೀ ಉಕ್ಕಿನ ಪ್ಯಾನೆಲ್ 50 ಪೌಂಡ್ ಆಸುಪಾಸು. ಅದರ ಎರಡು ಪುಟ ಮುಂದೆ ಹಳೇ ಕಾಲದ ಬಂಗಲೆಗಳಲ್ಲಿರುವಂಥ ಕಂಬ ಕಂಬದ ರೇಡಿಯೇಟರ್, 400 ಪೌಂಡ್. ಎಂಟು ಪಟ್ಟು. ಇಂಥ ಕಡೆ ನಮ್ಮಂಥವರ ತಲೆಯಲ್ಲಿ ಎರಡು ದನಿ ಒಟ್ಟಿಗೆ ಮಾತಾಡುತ್ತವೆ. ಒಂದು, ಹಬ್ಬಕ್ಕೆ ಒಂದೇ ಜೊತೆ ಬಟ್ಟೆ ಹೊಲಿಸಿದ ಅಪ್ಪನ ದನಿ: "ಕೆಲಸ ಆದ್ರೆ ಸಾಕಲ್ಲ, ಎಂತಕ್ಕೆ ಅಷ್ಟು ದುಡ್ಡು?" ಇನ್ನೊಂದು, ಸಂಬಳ ಬರಲು ಶುರುವಾದ ಮೇಲೆ ಹುಟ್ಟಿಕೊಂಡದ್ದು: "ಒಂದೇ ಸಲ ಒಳ್ಳೇದು ತಗೊಂಡುಬಿಡು, ಅಗ್ಗದ್ದು ತಗೊಂಡವನು ಎರಡು ಸಲ ತಗೋತಾನೆ."

ಈ ಎರಡನೇ ಮಾತಿಗೆ ಇಂಗ್ಲಿಷಿನಲ್ಲಿ ಒಂದು ಪ್ರಸಿದ್ಧ ಉದಾಹರಣೆ ಇದೆ. ಟೆರಿ ಪ್ರಾಚೆಟ್ 1993ರಲ್ಲಿ ಬರೆದ 'ಮೆನ್ ಅಟ್ ಆರ್ಮ್ಸ್' ಕಾದಂಬರಿಯ ಪೊಲೀಸ್ ಅಧಿಕಾರಿ ವೈಮ್ಸ್ ತನ್ನ ಬೂಟಿನ ಬಗ್ಗೆ ಯೋಚಿಸುತ್ತಾನೆ. ದುಡ್ಡಿದ್ದವನು ಒಮ್ಮೆ ಒಳ್ಳೆ ಬೂಟು ಕೊಂಡು ವರ್ಷಗಟ್ಟಲೆ ಹಾಕುತ್ತಾನೆ, ದುಡ್ಡಿಲ್ಲದವನು ಮತ್ತೆ ಮತ್ತೆ ಅಗ್ಗದ್ದು ಕೊಂಡು ಒಟ್ಟಾರೆ ಹೆಚ್ಚು ಖರ್ಚು ಮಾಡಿಯೂ ಒದ್ದೆ ಕಾಲಲ್ಲೇ ಇರುತ್ತಾನೆ ಅನ್ನೋದು ಅದರ ಸಾರ. ಛತ್ರಿ, ಚಪ್ಪಲಿ, ಮಿಕ್ಸಿ ವಿಷಯದಲ್ಲಿ ನಾವೆಲ್ಲ ಅನುಭವಿಸಿದ್ದೇ.

ಆದರೆ ರೇಡಿಯೇಟರ್‌ಗೆ ಈ ಲೆಕ್ಕ ಕೂಡಿಬರಲಿಲ್ಲ. ಯುರೋಪಿನಲ್ಲಿ ಇಎನ್ 442 ಅಂತ ಒಂದು ಮಾನದಂಡ ಇದೆ. ಒಳಗೆ ಬರುವ ನೀರು 75 ಡಿಗ್ರಿ, ಹೊರಹೋಗುವ ನೀರು 65, ರೂಮು 20 ಡಿಗ್ರಿ ಇದ್ದಾಗ ಎಷ್ಟು ವ್ಯಾಟ್ ಬಿಸಿ ಕೊಡುತ್ತೆ ಅಂತ ಅಳೆದು ಹೇಳಬೇಕು. 50 ಪೌಂಡಿನದಕ್ಕೂ ಅದೇ ಅಳತೆ, 400 ಪೌಂಡಿನದಕ್ಕೂ ಅದೇ. ಸಾವಿರ ವ್ಯಾಟ್ ಅಂದರೆ ಸಾವಿರ ವ್ಯಾಟ್. ಅದರಲ್ಲಿ ಮೇಲ್ದರ್ಜೆ ಕೆಳದರ್ಜೆ ಇಲ್ಲ. ಅಗ್ಗದ ಪ್ಯಾನೆಲ್ಲಿಗೂ ಹತ್ತು ವರ್ಷ ಗ್ಯಾರಂಟಿ ಇತ್ತು. ಉಕ್ಕಿನ ರೇಡಿಯೇಟರ್ ಹಾಳಾಗೋದು ಹೆಚ್ಚಾಗಿ ಒಳಗಿನ ನೀರಿನಿಂದ. ನೀರಿಗೆ ಆಮ್ಲಜನಕ ಸೇರುತ್ತಾ ಹೋದರೆ ತುಕ್ಕು, ತುಕ್ಕಿನಿಂದ ಕೆಸರು. ತುಕ್ಕು ತಡೆಯುವ ರಾಸಾಯನಿಕ ಹಾಕಿ, ಪೈಪಿಗೆ ಒಂದು ಮ್ಯಾಗ್ನೆಟ್ ಫಿಲ್ಟರ್ ಕೂರಿಸಿದರೆ ಅಗ್ಗದ್ದೂ ಬಾಳುತ್ತೆ. ಅದನ್ನು ಮಾಡದಿದ್ದರೆ ದುಬಾರಿ ಉಕ್ಕೂ ಕೊಳೆಯುತ್ತೆ. ಎಂಟು ಪಟ್ಟು ದುಡ್ಡಿನಲ್ಲಿ ಬಹುಪಾಲು ಹೋಗೋದು ಅಂದಕ್ಕೆ.

ಇಲ್ಲಿಯ ತನಕ ನನ್ನ ಲೆಕ್ಕ ಸರಿ ಇತ್ತು. ಈಗಲೂ ಯಾರಾದರೂ ಕೇಳಿದರೆ ಇದನ್ನೇ ಹೇಳ್ತೀನಿ. ತಪ್ಪಿದ್ದು ಸ್ಪ್ರೆಡ್‌ಶೀಟಿನ ಮುಂದಿನ ಕಾಲಂನಲ್ಲಿ. ಅದಕ್ಕೆ ನಾನು ಕೊಟ್ಟ ಹೆಸರು 'ಯಾವುದು ಎಲ್ಲಿಗೆ'.

ಬಾಗಿಲು ತೆಗೆದ ಕೂಡಲೇ ಕಾಣುವ ಹಾಲ್‌ಗೆ ಕಂಬದ ರೇಡಿಯೇಟರ್, ದೊಡ್ಡದು. ಕೂರುವ ಕೋಣೆಗೂ ಅದೇ. ಅಷ್ಟೆಲ್ಲ ಲೆಕ್ಕ ಹಾಕಿ ಅಂದಕ್ಕೆ ದುಡ್ಡು ಕೊಡಬಾರದು ಅಂತ ತೀರ್ಮಾನಿಸಿದವನೇ, ನೆಂಟರು ನೋಡುವ ಜಾಗಕ್ಕೆ ಬಂದಾಗ ಕೊಟ್ಟೆ. ಆ ಖರ್ಚನ್ನು ಸರಿದೂಗಿಸಬೇಕಿತ್ತಲ್ಲ, ಹಿಂದಿನ ರೂಮಿಗೆ ಎಲ್ಲಕ್ಕಿಂತ ಅಗ್ಗದ, ಒಂದೇ ಪದರದ, ಒಂದು ಮೀಟರ್ ಪ್ಯಾನೆಲ್ ಹಾಕಿಸಿದೆ.

ಹಿಂದಿನ ರೂಮು ಅಡುಗೆಮನೆಯ ಆಚೆಗೆ ಯಾರೋ ಆಮೇಲೆ ಕಟ್ಟಿಸಿದ್ದು. ಮೂರು ಕಡೆ ಹೊರಗೋಡೆ, ಮೇಲೆ ಚಪ್ಪಟೆ ಸೂರು. ಅದನ್ನು ಬಾಡಿಗೆಗೆ ಕೊಡುವುದು ಅಂತ ಮೊದಲೇ ತೀರ್ಮಾನ ಆಗಿತ್ತು. ತಾವಿರುವ ಮನೆಯಲ್ಲೇ ಒಂದು ರೂಮು ಬಾಡಿಗೆಗೆ ಕೊಟ್ಟರೆ ಇಲ್ಲಿ ವರ್ಷಕ್ಕೆ 7,500 ಪೌಂಡ್ ತನಕ ತೆರಿಗೆ ಇಲ್ಲ. ತಿಂಗಳಿಗೆ 600 ಇಟ್ಟರೆ 7,200, ಮಿತಿಯೊಳಗೆ. ಅದನ್ನೂ ಸ್ಪ್ರೆಡ್‌ಶೀಟಿನಲ್ಲೇ ನೋಡಿದ್ದೆ. ಪ್ಲಂಬರ್ ಆ ರೂಮಿನಲ್ಲಿ ನಿಂತು ಗೋಡೆಗಳನ್ನೆಲ್ಲ ನೋಡಿ, "ಇದು ತಣ್ಣನೆ ರೂಮು, ಇಲ್ಲಿಗೆ ಎರಡು ಪದರದ್ದು ಹಾಕಿ. ಯಾರು ಮಲಗ್ತಾರೆ ಇಲ್ಲಿ?" ಅಂತ ಕೇಳಿದ. ಬಾಡಿಗೆಯವರು ಅಂದೆ. ಅವನು ಮತ್ತೆ ಕೇಳಲಿಲ್ಲ. ನನಗೂ ಆ ಉತ್ತರದಲ್ಲಿ ಏನೂ ತಪ್ಪು ಕಾಣಲಿಲ್ಲ.

ಸೆಪ್ಟೆಂಬರಿನಲ್ಲಿ ದಾವಣಗೆರೆ ಕಡೆಯ ಹುಡುಗನೊಬ್ಬ ಬಂದ. ಎಂಎಸ್ಸಿ ಮಾಡಲು ಬಂದವನು, ಸಾಲ ಮಾಡಿಕೊಂಡು. ಅಕ್ಟೋಬರಿನಲ್ಲಿ ಅಮ್ಮ ಬಂದಳು. ವಿಸಿಟರ್ ವೀಸಾದಲ್ಲಿ ಆರು ತಿಂಗಳೊಳಗೆ ವಾಪಸ್ ಹೋಗಬೇಕು, ಆದರೂ ಒಂದು ಚಳಿಗಾಲ ಜೊತೆಗಿರಲಿ ಅಂತ ಕರೆಸಿಕೊಂಡಿದ್ದೆ.

ಆ ಚಳಿಗಾಲ ನೆನಪಿರಬಹುದು. ಯುಕ್ರೇನ್ ಯುದ್ಧ ಶುರುವಾಗಿ ಯುರೋಪಿನಲ್ಲಿ ಗ್ಯಾಸ್ ಬೆಲೆ ಏರಿತ್ತು. ಇಲ್ಲಿ ಎಲ್ಲರ ಮನೆಯಲ್ಲೂ ಅದೇ ಮಾತು. ಬಾಯ್ಲರ್‌ನಿಂದ ಹೊರಡುವ ನೀರಿನ ಬಿಸಿ 60 ಡಿಗ್ರಿಗೆ ಇಳಿಸಿ, ಗ್ಯಾಸ್ ಉಳಿಯುತ್ತೆ ಅಂತ ಡಿಸೆಂಬರಿನಲ್ಲಿ ಸರ್ಕಾರವೇ ಪ್ರಚಾರ ಮಾಡಿತು. ಸಲಹೆ ಸರಿಯಾದದ್ದೇ. ಇಲ್ಲಿನ ಕಂಡೆನ್ಸಿಂಗ್ ಬಾಯ್ಲರ್‌ಗಳು ಹೊಗೆಯಲ್ಲಿರುವ ಆವಿಯನ್ನು ನೀರಾಗಿಸಿ ಅದರ ಬಿಸಿಯನ್ನೂ ಹಿಡಿದುಕೊಳ್ಳುತ್ತವೆ. ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಅದು ಸಾಧ್ಯ. ನಾನು ಅದೇ ದಿನ ಇಳಿಸಿದೆ. ಬಿಲ್ಲು ಕಡಿಮೆಯಾಯಿತು. ಆಫೀಸಿನಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಹೇಳಿದೆ.

ಹುಡುಗ ರಾತ್ರಿ ಹತ್ತರ ತನಕ ಲೈಬ್ರರಿಯಲ್ಲಿರುತ್ತಿದ್ದ. "ನೋಡಮ್ಮ, ಈಗಿನ ಹುಡುಗರೂ ಎಷ್ಟು ಓದ್ತಾರೆ" ಅಂತ ಅಮ್ಮನ ಹತ್ತಿರ ಹೊಗಳಿದೆ. ಅಮ್ಮ ಏನೂ ಹೇಳಲಿಲ್ಲ. ಒಂದು ಭಾನುವಾರ ಅವನಿಗೆ ದೋಸೆ ಕೊಟ್ಟು ಬರ್ತೀನಿ ಅಂತ ಹಿಂದಿನ ರೂಮಿಗೆ ಹೋದವಳು ತಟ್ಟೆ ವಾಪಸ್ ತಂದು ಸಿಂಕಿನಲ್ಲಿಟ್ಟು ಕೇಳಿದಳು: "ಆ ರೂಮಿನ ಗೋಡೆ ಮುಟ್ಟಿ ನೋಡಿದೀಯನಾ? ಬಾವಿಕಟ್ಟೆ ಕಲ್ಲಿನ ಹಾಗಿದೆ. ಹುಡುಗ ಜಾಕೀಟು ಹಾಕ್ಕೊಂಡೇ ಹೊದಿಕೆ ಒಳಗೆ ಕೂತಿದಾನೆ. ಲೈಬ್ರರಿಗೆ ಹೋಗೋದು ಓದಕ್ಕಲ್ಲ ಮಾರಾಯ, ಕಾಯಿಸ್ಕೊಳಕ್ಕೆ."

ನಾನು ಥರ್ಮಾಮೀಟರ್ ತಗೊಂಡು ಹೋದೆ. ಎಂಜಿನಿಯರ್ ಅಲ್ವಾ, ಅಮ್ಮನ ಕೈಗಿಂತ ಅದನ್ನೇ ನಂಬೋದು. ಕೂರುವ ಕೋಣೆಯಲ್ಲಿ 20.5 ಇತ್ತು. ಹಿಂದಿನ ರೂಮಿನಲ್ಲಿ 14. ರೇಡಿಯೇಟರ್ ವಾಲ್ವ್ ಪೂರ್ತಿ ತೆರೆದಿತ್ತು, ಅವನು ಮಾಡಬಹುದಾದದ್ದನ್ನು ಮಾಡಿದ್ದ. ಚಳಿಗಾಲದಲ್ಲಿ ಮನೆಯೊಳಗೆ ಆರೋಗ್ಯಕ್ಕೆ ಕನಿಷ್ಠ 18 ಡಿಗ್ರಿ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮಾರ್ಗಸೂಚಿಯಲ್ಲಿ ಹೇಳಿದೆ. ಅದನ್ನು ಓದಿದ್ದೂ ಆ ರಾತ್ರಿಯೇ.

ಹೀಗೇಕಾಯಿತು ಅಂತ ಕೂತು ಲೆಕ್ಕ ಹಾಕಿದೆ. ಆ ಪ್ಯಾನೆಲ್ ಸಾವಿರ ವ್ಯಾಟ್ ಕೊಡುವುದು ಒಳಗಿನ ನೀರು ಸರಾಸರಿ 70 ಡಿಗ್ರಿ ಇದ್ದಾಗ. ನಾನು ಇಳಿಸಿದ ಮೇಲೆ ಅದು 55ರ ಹತ್ತಿರ. ನೀರಿಗೂ ರೂಮಿಗೂ ಇರುವ ಅಂತರ 50ರಿಂದ 35ಕ್ಕೆ ಇಳಿದರೆ ಬಿಸಿ ಆ ಅನುಪಾತಕ್ಕಿಂತಲೂ ಹೆಚ್ಚು ಇಳಿಯುತ್ತೆ: ಸಾವಿರದ ಜಾಗದಲ್ಲಿ ಸುಮಾರು 630. ಆ ರೂಮಿನಿಂದ ಹೊರಗೆ ಸೋರಿಹೋಗುತ್ತಿದ್ದದ್ದು ಅದರ ಎರಡರಷ್ಟು. ನಮ್ಮ ಕೋಣೆಗಳಲ್ಲೂ ಅಷ್ಟೇ ಪಾಲು ಕಡಿಮೆಯಾಗಿತ್ತು, ಆದರೆ ಅಲ್ಲಿ ಮೊದಲೇ ಹೆಚ್ಚಿಗೆ ಹಾಕಿಸಿದ್ದರಿಂದ ನಮಗೆ ಗೊತ್ತೇ ಆಗಲಿಲ್ಲ.

ಇದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿತ್ತು. ಮನೆಗೆಲ್ಲ ಇದ್ದ ಒಂದೇ ಥರ್ಮೋಸ್ಟಾಟ್ ಹಾಲ್‌ನಲ್ಲಿ, ಆ 400 ಪೌಂಡಿನ ಕಂಬದ ರೇಡಿಯೇಟರ್ ಎದುರಿಗೆ. ಹಾಲ್ ಬೇಗ ಬಿಸಿಯಾಗುತ್ತೆ, ಥರ್ಮೋಸ್ಟಾಟ್ "ಸಾಕು" ಅನ್ನುತ್ತೆ, ಬಾಯ್ಲರ್ ನಿಲ್ಲುತ್ತೆ. ಹಿಂದಿನ ರೂಮು ಆಗಷ್ಟೇ ಕಾಯಲು ಶುರುಮಾಡಿರುತ್ತೆ. ಅಂದರೆ ದುಬಾರಿ ರೇಡಿಯೇಟರ್ ಅಲ್ಲಿ ಸುಮ್ಮನೆ ಅಂದವಾಗಿ ನಿಂತಿರಲಿಲ್ಲ. ನಮ್ಮ ಸುಖವನ್ನೇ ಇಡೀ ಮನೆಯ ಸುಖ ಅಂತ ಬಾಯ್ಲರ್‌ಗೆ ವರದಿ ಮಾಡುತ್ತಿತ್ತು.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ತಾಂತ್ರಿಕ ದೋಷ ಅಂತ ಹೇಳುವ ಹುಮ್ಮಸ್ಸಿನಲ್ಲಿದ್ದೆ ಅಂತ ಕಾಣುತ್ತೆ. ಅವಳು ಪೂರ್ತಿ ಕೇಳಿಸಿಕೊಂಡು, "ಜಗಲಿ ಮೇಲಿನ ಲೋಟ ನೆನಪಿದ್ಯಾ?" ಅಂದಳು.

ನೆನಪಿತ್ತು. ಕೊನೆ ಕೊಯ್ಲಿನ ಕಾಲಕ್ಕೆ, ನವೆಂಬರ್ ಡಿಸೆಂಬರಿನಲ್ಲಿ, ನಮ್ಮ ಮನೆಗೆ ಅಡಿಕೆ ಸುಲಿಯಲು ಹತ್ತು ಹದಿನೈದು ಜನ ಬರುತ್ತಿದ್ದರು. ರಾತ್ರಿ ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಿದ್ದರು. ಪಕ್ಕದಲ್ಲಿ ಅಡಿಕೆ ಬೇಯಿಸುವ ಒಲೆ. ಮಕ್ಕಳಾದ ನಮಗೆ ಅದೇ ಹಬ್ಬ. ಕಂಬಳಿ ಹೊದ್ದು ಒಲೆಯ ಹತ್ತಿರ ಕೂತು ಅವರ ಕಥೆ ಕೇಳುತ್ತಿದ್ದೆವು. ಒಂಬತ್ತು ಗಂಟೆ ಹೊತ್ತಿಗೆ ಕಾಫಿ. ಮನೆಯವರಿಗೆ ಸ್ಟೀಲ್ ಲೋಟ. ಅವರದ್ದು ಜಗಲಿಯ ಮೂಲೆಯಲ್ಲಿ ಕವುಚಿಟ್ಟ, ಅಂಚು ನೆಗ್ಗಿದ ಅಲ್ಯೂಮಿನಿಯಂ ಲೋಟ. ಕುಡಿದು ಅವರೇ ತೊಳೆದು ಅಲ್ಲೇ ಇಡಬೇಕು. ಅದು ಯಾಕೆ ಹಾಗೆ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಎಂಜಿನಿಯರಿಂಗ್ ಹಾಸ್ಟೆಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಆಮೇಲೆ ಜಾತಿ ಬಗ್ಗೆ ದೊಡ್ಡ ದೊಡ್ಡ ಮಾತಾಡಿ ಅಮ್ಮನ ಜೊತೆ ಜಗಳವನ್ನೂ ಆಡಿದ್ದೆ.

"ಆ ಲೋಟ ಅಲ್ಲಿ ಇಡ್ತಿದ್ದವಳು ನಾನೇ" ಅಂದಳು ಅಮ್ಮ. "ನಮ್ಮತ್ತೆ ಇಡು ಅಂದ್ರು, ಇಟ್ಟೆ. ನೀನು ಲೋಟದ ಬಗ್ಗೆ ಜಗಳ ಆಡಿದೆ, ಒಳಗಿದ್ದ ಕಾಫಿ ಬಗ್ಗೆ ಯಾವತ್ತೂ ಕೇಳಲಿಲ್ಲ. ನಮಗೆ ಮಾಡಿ ಉಳಿದ ಚರಟಕ್ಕೇ ಮತ್ತೆ ನೀರು ಹಾಕಿ, ಒಂದು ತುಂಡು ಬೆಲ್ಲ ಹಾಕಿ ಕುದಿಸ್ತಿದ್ದೆ. ಬಿಸಿ ಇರ್ತಿತ್ತು. ಕಾಫಿ ಅಂತಾನೇ ಕರೀತಿದ್ವಿ. ಅದಕ್ಕೇ ಹೇಳಿದ್ದು, ನಂಗೆ ಆ ರೂಮು ನೋಡಿದ ಕೂಡ್ಲೇ ಗೊತ್ತಾಯ್ತು."

ನನಗೆ ಉತ್ತರ ಹೊಳೆಯಲಿಲ್ಲ. ಅಮ್ಮ ನನ್ನನ್ನು ಬೈದಿದ್ದರೆ ವಾದ ಮಾಡಬಹುದಿತ್ತು. ಅವಳು ಬೈಯಲಿಲ್ಲ, ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು, ಅಷ್ಟೆ.

ಆಮೇಲೆ ಎಷ್ಟೋ ದಿನ ನನ್ನ ಪರವಾಗಿ ನಾನೇ ವಾದ ಮಾಡಿದೆ. ಅವು ದುರ್ಬಲ ವಾದಗಳೇನಲ್ಲ. ಮೊದಲನೆಯದು: ಹುಡುಗ ರೂಮು ನೋಡಿಯೇ ಒಪ್ಪಿದ್ದು, ಯಾರೂ ಬಲವಂತ ಮಾಡಿರಲಿಲ್ಲ. ನಿಜ. ಆದರೆ ಅವನು ನೋಡಿದ್ದು ಸೆಪ್ಟೆಂಬರಿನಲ್ಲಿ, ಬಿಸಿಲಿದ್ದ ದಿನ. ಗೋಡೆ ಮೇಲೆ ಹೊಸ ರೇಡಿಯೇಟರ್ ಇತ್ತು. ದಾವಣಗೆರೆಯಿಂದ ಬಂದ ಹುಡುಗ ಅದನ್ನು ನೋಡಿ 'ಹೀಟರ್ ಇದೆ' ಅಂದುಕೊಳ್ಳುತ್ತಾನೆಯೇ ಹೊರತು ಎಷ್ಟು ವ್ಯಾಟ್ ಅಂತ ಕೇಳುವುದಿಲ್ಲ. ಆ ರೂಮಿನಲ್ಲಿ ರೇಡಿಯೇಟರ್ ಇಲ್ಲವೇ ಇಲ್ಲ ಅಂದಿದ್ದರೆ ಅವನು ಎಣ್ಣೆ ಹೀಟರೊಂದನ್ನು ಕೇಳುತ್ತಿದ್ದ, ಅಥವಾ ಬೇರೆ ರೂಮು ಹುಡುಕುತ್ತಿದ್ದ. ಸಾಲದ ರೇಡಿಯೇಟರ್ ಆ ಪ್ರಶ್ನೆಯನ್ನೇ ಮುಚ್ಚಿಹಾಕಿತು.

ಎರಡನೆಯದು: ತೊಂದರೆಯಾದರೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ? ನಾನು ಕ್ಷಮೆ ಕೇಳಲು ಹೋದಾಗ ಅವನು ಎದ್ದು ನಿಂತು, "ಪರವಾಗಿಲ್ಲ ಅಣ್ಣ, ಅಡ್ಜಸ್ಟ್ ಮಾಡ್ಕೊಂಡಿದ್ದೆ" ಅಂದ. ಈ ಅಡ್ಜಸ್ಟ್ ಅನ್ನೋ ಪದ ನನಗೆ ಚೆನ್ನಾಗಿ ಗೊತ್ತು. 2011ರಲ್ಲಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದಾಗ ನಾನಿದ್ದ ಪಿಜಿಯಲ್ಲಿ ಬೆಳಿಗ್ಗೆ ಆರೂವರೆಗೇ ಸೋಲಾರ್ ಬಿಸಿನೀರು ಮುಗಿಯುತ್ತಿತ್ತು. ಓನರ್ ಕೇಳಿದರೆ ನಾವೂ "ಪರವಾಗಿಲ್ಲ ಅಂಕಲ್" ಅಂತಲೇ ಅನ್ನುತ್ತಿದ್ದೆವು. ಅಡ್ವಾನ್ಸ್ ಅವರ ಕೈಯಲ್ಲಿತ್ತು, ಬೇರೆ ಪಿಜಿ ಹುಡುಕಲು ದುಡ್ಡಿರಲಿಲ್ಲ. ಬೇರೆ ಬಾಗಿಲು ಇಲ್ಲದವನು ಹೇಳುವ 'ಪರವಾಗಿಲ್ಲ'ವನ್ನು ಒಪ್ಪಿಗೆ ಅಂತ ಬರೆದುಕೊಳ್ಳೋದು ಸುಲಭ. ನಾನು ಆ ಕಡೆಯೂ ಇದ್ದವನು. ಈ ಕಡೆ ಬರಲು ಹತ್ತು ವರ್ಷ ಸಾಕಾಯಿತು.

ಮೂರನೆಯದು: ಇದು ಅಚಾತುರ್ಯ, ಬೇಕೂ ಅಂತ ಮಾಡಿದ್ದಲ್ಲ. ಇದನ್ನು ನಂಬಲು ನನಗೆ ಬಹಳ ಆಸೆಯಿತ್ತು. ಆದರೆ ಪ್ಲಂಬರ್ ಹೇಳಿದ್ದು ಕಿವಿಗೆ ಬಿದ್ದಿತ್ತು. ಅದೇ ಮಾತನ್ನು ಅವನು ಅಮ್ಮನಿಗೆಂದು ಇಟ್ಟಿದ್ದ ರೂಮಿನ ಬಗ್ಗೆ ಹೇಳಿದ್ದರೆ ನಾನು ಕೂಡಲೇ ಕ್ಯಾಟಲಾಗ್ ತೆಗೆಯುತ್ತಿದ್ದೆ. ಕೆಲಸದಲ್ಲಿ ನಾವು ಒಂದು ಮಾತು ಹೇಳ್ತೀವಲ್ಲ, ಸಿಸ್ಟಮ್ ಮೇಲೆ ಲೋಡ್ ಬಿದ್ದಾಗ ಮೊದಲು ಬೀಳೋದು ಮಾರ್ಜಿನ್ ಇಲ್ಲದ ಭಾಗ ಅಂತ. ಯುದ್ಧ ಎಲ್ಲೋ ಆಯಿತು, ಗ್ಯಾಸ್ ದರ ಏರಿತು, ಸರ್ಕಾರ ಒಳ್ಳೇ ಸಲಹೆ ಕೊಟ್ಟಿತು, ನಾನು ಪಾಲಿಸಿದೆ. ಕೊನೆಗೆ ಚಳಿ ಬಿದ್ದದ್ದು ಹಿಂದಿನ ರೂಮಿನ ಒಬ್ಬನ ಮೇಲೆ. ಆ ಮಾರ್ಜಿನ್ ಯಾರಿಗೆ ಇರಬೇಕು, ಯಾರಿಗೆ ಬೇಡ ಅಂತ ತೀರ್ಮಾನಿಸಿದ್ದು ಯುದ್ಧವೂ ಅಲ್ಲ, ಸರ್ಕಾರವೂ ಅಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಕೊರಗಬೇಕಾ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಅದೇ ನವೆಂಬರಿನಲ್ಲಿ ಇಲ್ಲಿನ ಪತ್ರಿಕೆಗಳಲ್ಲಿ ಅವಾಬ್ ಇಶಾಕ್ ಅನ್ನೋ ಮಗುವಿನ ಸುದ್ದಿ ಬಂದಿತ್ತು. ರಾಚ್‌ಡೇಲ್ ಊರಿನ ಬಾಡಿಗೆ ಫ್ಲಾಟಿನಲ್ಲಿ ಗೋಡೆಗೆ ಕಟ್ಟಿದ ಬೂಷ್ಟು ತುಂಬಾ ದಿನ ಉಸಿರಿಗೆ ಹೋಗಿ ಉಸಿರಾಟದ ತೊಂದರೆಯಾಗಿ ಆ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು ಅಂತ ವಿಚಾರಣೆ ನಡೆಸಿದ ಕಾರೋನರ್ ತೀರ್ಮಾನ ಕೊಟ್ಟರು. ಮಗುವಿಗೆ ಎರಡು ವರ್ಷ. ಮನೆಯವರು ದೂರು ಕೊಟ್ಟಿದ್ದರು. ಮುಂದೆ ಅವನ ಹೆಸರಿನಲ್ಲೇ ಕಾನೂನು ಬಂತು. ನನ್ನ ರೂಮಿಗೂ ಆ ಫ್ಲಾಟಿಗೂ ಹೋಲಿಕೆ ಇಲ್ಲ. ಆದರೆ ತಣ್ಣನೆ ಗೋಡೆಯ ಮೇಲೆ ಉಸಿರಿನ ತೇವ ಕೂತು, ತೇವದ ಮೇಲೆ ಬೂಷ್ಟು ಬರುತ್ತೆ ಅನ್ನೋದು ಎಲ್ಲ ಮನೆಗೂ ಒಂದೇ. ಹುಡುಗನ ಕಿಟಕಿಯ ಮೂಲೆಯಲ್ಲೂ ಕಪ್ಪು ಚುಕ್ಕಿಗಳು ಶುರುವಾಗಿದ್ದವು. ಅವನು ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದ.

ಹಾಗಾದರೆ ಅಗ್ಗದ್ದಾ, ದುಬಾರಿಯದಾ? ನಾನು ಪ್ರಶ್ನೆಯನ್ನೇ ತಪ್ಪಾಗಿ ಕೇಳಿಕೊಂಡಿದ್ದೆ. ಅಗ್ಗದ ರೇಡಿಯೇಟರ್ ಯಾರಿಗೂ ಅವಮಾನ ಅಲ್ಲ. ಅಲ್ಯೂಮಿನಿಯಂ ಲೋಟದಲ್ಲೂ ಒಳ್ಳೇ ಕಾಫಿ ಕುಡಿಯಬಹುದು, ಎಲ್ಲರಿಗೂ ಅದೇ ಲೋಟವಾದರೆ. ಬೇಕಾದಷ್ಟು ಅಳತೆಯ ಅಗ್ಗದ ಪ್ಯಾನೆಲ್ ಪ್ರಾಮಾಣಿಕ ವಸ್ತು. ಅಳತೆಗೆ ಕಡಿಮೆ ಇದ್ದರೆ ದುಬಾರಿಯದೂ ಚರಟದ ಕಾಫಿಯೇ. ದುಡ್ಡು ಮೊದಲು ಹೋಗಬೇಕಾದದ್ದು ಕಣ್ಣಿಗೆ ಕಾಣದ ಕಡೆಗೆ: ಗೋಡೆಯ ಒಳಗಿನ ಇನ್ಸುಲೇಷನ್, ನೀರಿನ ಶುದ್ಧಿ, ಒಳ್ಳೆಯ ವಾಲ್ವ್, ಧಾರಾಳ ಅಳತೆ. ಅಳತೆ ದೊಡ್ಡದಿದ್ದರೆ ಕಡಿಮೆ ಬಿಸಿ ನೀರಲ್ಲೂ ರೂಮು ಕಾಯುತ್ತೆ, ಗ್ಯಾಸೂ ಉಳಿಯುತ್ತೆ. ಹೊಸದಾಗಿ ಇಡೀ ವ್ಯವಸ್ಥೆ ಹಾಕಿಸುವವರು ಅದು 55 ಡಿಗ್ರಿ ನೀರಿನಲ್ಲೇ ಸಾಕಾಗುವಂತೆ ಮಾಡಿಸಬೇಕು ಅಂತ ಇಂಗ್ಲೆಂಡಿನ ಕಟ್ಟಡ ನಿಯಮದಲ್ಲಿ 2022ರ ಜೂನ್‌ನಿಂದ ಇದೆ. ನನ್ನದು ಹಳೇ ಬಾಯ್ಲರ್, ಹಳೇ ಪೈಪು, ನನಗೆ ಅನ್ವಯಿಸಲ್ಲ ಅಂತ ಬಿಟ್ಟಿದ್ದೆ. ಇಷ್ಟೆಲ್ಲ ಆದ ಮೇಲೂ ದುಡ್ಡು ಉಳಿದರೆ ಕಂಬದ ರೇಡಿಯೇಟರ್ ತಗೊಳ್ಳಿ, ಅಂದ ನೋಡಿ ಖುಷಿಪಡುವುದರಲ್ಲಿ ಪಾಪ ಏನಿಲ್ಲ. ಆದರೆ ಅದರ ಸರದಿ ಕೊನೆಗೆ.

ಅಪ್ಪ ಮತ್ತು ಚಿಕ್ಕಪ್ಪ ಪಾಲಾದಾಗ ನಾನು ಆರನೇ ಕ್ಲಾಸು. ಪಂಚಾಯ್ತಿಗೆ ಬಂದಿದ್ದ ಹಿರಿಯರು ಒಂದು ಷರತ್ತು ಹಾಕಿದರು: ತೋಟ, ಗದ್ದೆ, ಪಾತ್ರೆ ಎಲ್ಲವನ್ನೂ ಅಪ್ಪ ಎರಡು ಪಾಲು ಮಾಡಬೇಕು, ಯಾವ ಪಾಲು ಅಂತ ಮೊದಲು ಆರಿಸೋದು ಚಿಕ್ಕಪ್ಪ. ಅಪ್ಪ ಮೂರು ದಿನ ತೋಟ ಸುತ್ತಿದರು. ನೀರಿನ ಕಡೆಯ ಅಡಿಕೆ ಮರ ಎಷ್ಟು, ದಿಬ್ಬದ ಮೇಲಿನವು ಎಷ್ಟು ಅಂತ ಎಣಿಸಿದರು. ತನ್ನ ಪಾಲಿಗೆ ಯಾವುದು ಬರುತ್ತೆ ಅಂತ ಗೊತ್ತಿಲ್ಲದವನು ಎಷ್ಟು ಹುಷಾರಾಗಿ ಹಂಚುತ್ತಾನೆ ಅಂತ ನಾನು ಆಗ ಕಣ್ಣಾರೆ ಕಂಡೆ. ಜಾನ್ ರಾಲ್ಸ್ ಅನ್ನುವ ಅಮೆರಿಕದ ತತ್ವಜ್ಞಾನಿ 1971ರಲ್ಲಿ ನ್ಯಾಯದ ಬಗ್ಗೆ ಒಂದು ದೊಡ್ಡ ಪುಸ್ತಕವನ್ನೇ ಬರೆದು, ಸಮಾಜದಲ್ಲಿ ನಿಮ್ಮ ಜಾಗ ಯಾವುದು ಅಂತ ಗೊತ್ತಿಲ್ಲದೆ ನಿಯಮ ಮಾಡಿ ನೋಡಿ ಅಂದ. ಯಾವ ರೂಮಿನಲ್ಲಿ ಮಲಗುತ್ತೀನಿ ಅಂತ ಗೊತ್ತಿಲ್ಲದೆ ಎಂಟು ರೇಡಿಯೇಟರ್ ಆರಿಸು ಅಂತ ನನಗೆ ಯಾರಾದರೂ ಹೇಳಿದ್ದರೆ, ಹಿಂದಿನ ರೂಮಿಗೇ ಎಲ್ಲಕ್ಕಿಂತ ದೊಡ್ಡದು ಹಾಕಿಸುತ್ತಿದ್ದೆ. ಅತಿ ಹೆಚ್ಚು ಬಿಸಿ ಸೋರುವ ರೂಮು ಅದೇ ತಾನೆ.

ಜನವರಿಯಲ್ಲಿ ಹಾಗೇ ಮಾಡಿದೆ. ಎರಡು ಪದರದ, 1.4 ಮೀಟರ್ ಉದ್ದದ ಪ್ಯಾನೆಲ್. ಅದೂ ಕ್ಯಾಟಲಾಗಿನ ಅಗ್ಗದ ಪುಟದ್ದೇ. 150 ಪೌಂಡ್ ಒಳಗೆ ಬಂತು. ಥರ್ಮೋಸ್ಟಾಟನ್ನು ವೈರ್‌ಲೆಸ್ ಮಾಡಿಸಿ ಹಾಲ್‌ನಿಂದ ತೆಗೆದು ಹಿಂದಿನ ರೂಮಿನಲ್ಲಿಟ್ಟೆ. ನಮ್ಮ ಕೋಣೆಗಳು ಅತಿಯಾಗಿ ಬಿಸಿಯಾಗದಂತೆ ಅಲ್ಲಿನ ವಾಲ್ವ್‌ಗಳನ್ನು ಇಳಿಸಿದೆ. ಈಗ ಮನೆ ಬೆಚ್ಚಗಿದೆಯಾ ಅಂತ ತೀರ್ಮಾನಿಸೋದು ಆ ರೂಮು. ಮೂರು ತಿಂಗಳ ಬಾಡಿಗೆಯಲ್ಲಿ ಅರ್ಧ ವಾಪಸ್ ಕೊಟ್ಟೆ. ಹುಡುಗ ಬೇಡ ಬೇಡ ಅಂದ. ಅಮ್ಮ ಗದರಿದ ಮೇಲೆ ತಗೊಂಡ. ಬಿಲ್ಲು ಸ್ವಲ್ಪ ಏರಿತು. ಅಲ್ಲಿಯ ತನಕ ಕಡಿಮೆ ಬರುತ್ತಿದ್ದದ್ದು ನನ್ನ ಜಾಣತನದಿಂದ ಅಂದುಕೊಂಡಿದ್ದೆ. ಒಂದು ಪಾಲನ್ನು ಹುಡುಗನೂ ಕಟ್ಟುತ್ತಿದ್ದ, ಚಳಿಯಲ್ಲಿ ಕೂತು.

ಇದನ್ನು ಬೆಂಗಳೂರಿನಲ್ಲಿ ಕೂತು ಓದುತ್ತಿರುವವರಿಗೆ ರೇಡಿಯೇಟರ್ ಬೇಕಾಗಿಲ್ಲ. ಆದರೆ ಹಿಂದಿನ ರೂಮು ಎಲ್ಲ ಕಡೆಯೂ ಇದೆ. ಅಪಾರ್ಟ್‌ಮೆಂಟಿನ ಲಾಬಿಗೆ ಇಟಾಲಿಯನ್ ಮಾರ್ಬಲ್ ಹಾಕಿಸಿ, ಗೇಟಿನ ಸೆಕ್ಯೂರಿಟಿಯವರಿಗೆ ತಗಡಿನ ಗೂಡು ಮಾಡಿಸಿರುತ್ತೇವೆ. ಮೂರು ಕೋಟಿಯ ಫ್ಲಾಟಿನಲ್ಲಿ ಕೆಲಸದವರ ರೂಮಿಗೆ ಕಿಟಕಿ ಇರೋದಿಲ್ಲ. ಫ್ಯಾನ್ ಇಲ್ಲವಾ ಅಂದರೆ ಇದೆ, ತಿರುಗುತ್ತೆ ಕೂಡ. ಗಾಳಿ ಬರುತ್ತಾ ಅಂತ ಅದರ ಕೆಳಗೆ ಅರ್ಧ ಗಂಟೆ ಕೂತು ನೋಡಿದವರು ನಮ್ಮಲ್ಲಿ ಎಷ್ಟು ಜನ?

ಮಾರ್ಚಿನಲ್ಲಿ ಅಮ್ಮ ಊರಿಗೆ ಹೋದಳು. ಹುಡುಗ ಓದು ಮುಗಿಸಿ ಬೇರೆ ಊರಲ್ಲಿ ಕೆಲಸ ಹಿಡಿದ. ಈಗ ಆ ರೂಮಿನಲ್ಲಿ ಇನ್ನೊಬ್ಬನಿದ್ದಾನೆ. ಅವನಿಗೆ ಈ ಕಥೆ ಗೊತ್ತಿಲ್ಲ. ಕಳೆದ ಕೊಯ್ಲಿನ ಹೊತ್ತಿಗೆ ಫೋನ್ ಮಾಡಿದಾಗ ಅಮ್ಮನನ್ನು ಕೇಳಿದೆ, "ಈಗ ಕಾಫಿ ಯಾವ ಲೋಟದಲ್ಲಿ ಕೊಡ್ತೀಯ?" ಅಂತ. ಅವಳು ನಕ್ಕಳು. "ಈಗ ಎಲ್ಲರಿಗೂ ಪೇಪರ್ ಕಪ್ಪು ಮಾರಾಯ, ನಮಗೂ ಅದೇ. ತೊಳೆಯೋ ರಗಳೆ ಇಲ್ಲ." ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು: "ಅದನ್ನ ಬದಲಾಯಿಸಿದ್ದು ನಾನು ಅಂತ ತಿಳ್ಕೋಬೇಡ. ಅಂಗಡೀಲಿ ಸಿಗಕ್ಕೆ ಶುರುವಾಯ್ತು, ತಂದ್ವಿ. ಕಾಫಿ ಮಾತ್ರ ಈಗ ಒಂದೇ ಪಾತ್ರೆಯಿಂದ. ಅದು ನಾನು ಮಾಡಿದ್ದು, ಅಲ್ಲಿಂದ ಬಂದ ಮೇಲೆ."

ಆಮೇಲೆ, ಪ್ರತಿ ಚಳಿಗಾಲದಲ್ಲೂ ಕೇಳುವಂತೆ, "ಆ ರೂಮಿನ ಗೋಡೆ ಮುಟ್ಟಿ ನೋಡಿದ್ಯಾ?" ಅಂದಳು. ಥರ್ಮಾಮೀಟರ್ ಅಲ್ಲೇ ಇದೆ, 19 ತೋರಿಸ್ತಿದೆ ಅಂದೆ. "ಅದಲ್ಲ, ಕೈಯಲ್ಲಿ ಮುಟ್ಟಿ ನೋಡು" ಅಂದಳು. ಹೋಗಿ ಬಾಗಿಲು ತಟ್ಟಿದೆ.